ಬಡಿಸಿದವರು ಕುಳಿತು ಉಂಡ ಎರಡು ದಿನ: ಭೋರ್‌ನ ಹೊಟೇಲಿಗ ದಂಪತಿಯ ಮಾಟುಂಗ ಪ್ರವಾಸ

ಭೋರ್: ಪುಣೆಯಿಂದ ಸಾತಾರಾ ಹೆದ್ದಾರಿಯಲ್ಲಿ ಕಾಪೂರ್‌ಹೋಳ್ ತನಕ ಬಂದು ಬಲಕ್ಕೆ ತಿರುಗಿದರೆ ಭೋರ್ ಸಿಗುತ್ತದೆ. ಪುಣೆಯಿಂದ ಸುಮಾರು 50 ಕಿ.ಮೀ. ದೂರ. ಒಂದು ಕಾಲಕ್ಕೆ ಪಂತ ಸಚಿವರ ಸಂಸ್ಥಾನದ ರಾಜಧಾನಿಯಾಗಿದ್ದ ಊರು. ನೀರಾ ನದಿ, ಸಿನಿಮಾದವರಿಗೆ ಪ್ರಿಯವಾದ ರಾಜವಾಡಾ, ಹತ್ತಿರದಲ್ಲೇ ಭಾಟ್‌ಘರ್ ಅಣೆಕಟ್ಟು. ಮುಂದೆ ವರಂಧಾ ಘಾಟಿ ಇಳಿದರೆ ಕೊಂಕಣ. ಈ ಊರಿನ ಎಸ್.ಟಿ. ನಿಲ್ದಾಣದಿಂದ ಕೂಗಳತೆಯಲ್ಲಿ ಆರು ಟೇಬಲಿನ ಒಂದು ಹೊಟೇಲು ಇದೆ. ಬೋರ್ಡಿನಲ್ಲಿ ‘ಉಡುಪಿ’ ಎಂದಿದೆ. ನಡೆಸುವವರು ಕುಂದಾಪುರ ಕಡೆಯವರು. 1991ರಲ್ಲಿ ಬೋರ್ಡು ಬರೆಸುವಾಗ ಉಡುಪಿ ಎಂಬ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1997ರಲ್ಲಿ. ಆದರೆ ಮಹಾರಾಷ್ಟ್ರದಲ್ಲಿ ಇಡ್ಲಿ ಮಾರುವವರೆಲ್ಲ ಉಡುಪಿಯವರೇ ಅಲ್ಲವೇ?

ತಮ್ಮ ಹೆಸರು ಪತ್ರಿಕೆಯಲ್ಲಿ ಬರುವುದು ಬೇಡ ಎಂದು ದಂಪತಿ ಕೈ ಮುಗಿದರು. ಆದ್ದರಿಂದ ಭೋರ್‌ನವರು ಕರೆಯುವ ಹಾಗೆಯೇ ಇಲ್ಲಿ ಅವರು ‘ಅಣ್ಣ’ ಮತ್ತು ‘ವಹಿನಿ’. ಅಣ್ಣನಿಗೆ ಈಗ 63, ವಹಿನಿಗೆ 57. ಅಣ್ಣ ಗಲ್ಲಾ ಮತ್ತು ಹೊರಗಿನ ವ್ಯವಹಾರ, ವಹಿನಿ ಅಡುಗೆಮನೆ. ಒಬ್ಬ ಅಡುಗೆಯವ, ಇಬ್ಬರು ಹುಡುಗರು. ಬೆಳಿಗ್ಗೆ ಐದಕ್ಕೆ ಭಟ್ಟಿ ಹೊತ್ತಿದರೆ ರಾತ್ರಿ ಒಂಬತ್ತೂವರೆಗೆ ಶಟರ್ ಬೀಳುತ್ತದೆ. 2020ರ ಲಾಕ್‌ಡೌನ್ ಮತ್ತು ಊರಿನಲ್ಲಿ ಆದ ಎರಡು ಸಾವು ಬಿಟ್ಟರೆ ಮೂವತ್ತನಾಲ್ಕು ವರ್ಷಗಳಲ್ಲಿ ಆ ಶಟರ್ ಹಗಲು ಹೊತ್ತು ಮುಚ್ಚಿದ್ದಿಲ್ಲ.

ಹೊಟೇಲ್ ಉದ್ಯಮದಲ್ಲಿ ಹೆಸರು ಮಾಡಿದವರ ಕಥೆ ನಮ್ಮ ಓದುಗರಿಗೆ ಹೊಸತಲ್ಲ. ಪುಣೆಯ ಫರ್ಗ್ಯುಸನ್ ರಸ್ತೆಯ ‘ವೈಶಾಲಿ’ಯನ್ನು ಬೆಳೆಸಿದ ಜಗನ್ನಾಥ ಶೆಟ್ಟಿ ಅವರು 2023ರಲ್ಲಿ ತೀರಿಕೊಂಡಾಗ ಮರಾಠಿ, ಇಂಗ್ಲಿಷ್ ಪತ್ರಿಕೆಗಳೂ ಬರೆದವು. ಆದರೆ ತಾಲೂಕು ಊರುಗಳ ಎಸ್.ಟಿ. ನಿಲ್ದಾಣದ ಪಕ್ಕದಲ್ಲಿ ಆರು ಟೇಬಲು ಹಾಕಿಕೊಂಡು ಮಗನನ್ನು ಇಂಜಿನಿಯರ್ ಮಾಡಿದವರು ಎಷ್ಟೋ ಮಂದಿ ಇದ್ದಾರೆ. ಅವರ ವಿಷಯ ಸಂಘದ ವಾರ್ಷಿಕೋತ್ಸವದ ದೇಣಿಗೆ ಪಟ್ಟಿಯಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಈ ಪ್ರವಾಸಕ್ಕೆ ಕಾರಣವಾದದ್ದು ಮಗನ ಒಂದು ಫೋನು. ಮಗ ಹಿಂಜೆವಾಡಿಯ ಕಂಪೆನಿಯೊಂದರಲ್ಲಿದ್ದವನು ಕೆಲಸದ ಮೇಲೆ ಹೆಂಡತಿಯೊಂದಿಗೆ ಎರಡು ವರ್ಷಕ್ಕೆ ಅಮೆರಿಕಕ್ಕೆ ಹೋಗಿದ್ದ. ನ್ಯೂಯಾರ್ಕ್‌ನ ಬ್ರಾಂಕ್ಸ್ ಎಂಬಲ್ಲಿ ಆರ್ಥರ್ ಅವೆನ್ಯೂ ಎಂದು ಒಂದು ರಸ್ತೆಯಿದೆ, ಇಟಲಿಯಿಂದ ಹೊಟ್ಟೆಪಾಡಿಗೆ ಬಂದವರ ಕೇರಿ. ಬೇಕರಿ, ಚೀಸ್ ಅಂಗಡಿ, ಊಟದ ಹೊಟೇಲುಗಳು ಸಾಲಾಗಿ ಇವೆ. ಕೈಗಾಡಿಯಲ್ಲಿ ಮಾರುತ್ತಿದ್ದವರಿಗಾಗಿ ನಗರಾಡಳಿತ 1940ರಲ್ಲಿ ಅಲ್ಲೊಂದು ಮಾರುಕಟ್ಟೆ ಕಟ್ಟಿಸಿಕೊಟ್ಟಿತು, ಅದು ಇಂದಿಗೂ ನಡೆಯುತ್ತಿದೆ. ಮಗ ಮತ್ತು ಸೊಸೆ ಸಸ್ಯಾಹಾರಿಗಳು. ಆದರೂ ರಜೆಯ ದಿನಗಳಲ್ಲಿ ಒಂದೊಂದು ಹೊಟೇಲಿಗೆ ಹೋಗಿ ಪಾಸ್ತಾವೋ ರೊಟ್ಟಿಯೋ ತಿಂದು, ಯಾವುದು ಯಾರ ಅಜ್ಜ ಆರಂಭಿಸಿದ್ದು ಎಂದು ಕೇಳಿಕೊಂಡು ಬರುವುದು ಅವರ ಅಭ್ಯಾಸವಾಯಿತು. ಕೆಲವು ಕಡೆ ನಾಲ್ಕನೇ ತಲೆಮಾರಿನವರು ಗಲ್ಲಾದಲ್ಲಿ ಕೂತಿರುತ್ತಾರಂತೆ.

ಒಂದು ರಾತ್ರಿ ಮಗ ಫೋನಿನಲ್ಲಿ ಇದನ್ನೆಲ್ಲ ವರ್ಣಿಸಿ, “ಅಪ್ಪ, ಇದು ನಿಮ್ಮ ಮಾಟುಂಗದ ಹಾಗೇ ಉಂಟು. ಅಲ್ಲಿ ಅಷ್ಟು ವರ್ಷ ಇದ್ರಲ್ಲ, ಅಮ್ಮನನ್ನ ಒಮ್ಮೆಯಾದರೂ ಕರೆದುಕೊಂಡು ಹೋದದ್ದುಂಟಾ?” ಎಂದು ಕೇಳಿದ.

ಅಣ್ಣ ಉತ್ತರ ಕೊಡಲಿಲ್ಲ. “ಅಲ್ಲಿ ಎಂತ ಇತ್ತ್ ಕಾಂಬುಕೆ?” ಎಂದಷ್ಟೇ ಹೇಳಿ ಫೋನನ್ನು ಹೆಂಡತಿಗೆ ದಾಟಿಸಿದರು.

ಇನ್ನೊಂದು ಕಾರಣವೂ ಇತ್ತು. ಹೊಟೇಲಿರುವ ಕಟ್ಟಡವನ್ನು ಮಾಲಕರು ಕೆಡವಿ ಹೊಸತು ಕಟ್ಟುತ್ತಾರೆ. ಹೊಸ ಕಟ್ಟಡದಲ್ಲಿ ಗಾಳೆ ಬೇಕಿದ್ದರೆ ನಾಲ್ಕು ಲಕ್ಷ ಡಿಪಾಸಿಟ್, ಬಾಡಿಗೆ ಬೇರೆ. 2025ರ ಗುಡಿ ಪಾಡ್ವಾದೊಳಗೆ ಹೌದು ಅಥವಾ ಇಲ್ಲ ಎಂದು ಹೇಳಬೇಕಿತ್ತು. ಬ್ಯಾಂಕಿನಲ್ಲಿಟ್ಟರೆ ನಾಲ್ಕು ಲಕ್ಷಕ್ಕೆ ಶೇ. 7ರ ಲೆಕ್ಕದಲ್ಲಿ ತಿಂಗಳಿಗೆ 2,300 ರೂ. ಚಿಲ್ಲರೆ ಬಡ್ಡಿ ಬರುತ್ತದೆ, ಕೈ ಸುಡದೆ. ಮಗ “ಮುಚ್ಚಿ, ಸಾಕು” ಎನ್ನುತ್ತಿದ್ದ. ಊರಿನಲ್ಲಿ ಅಣ್ಣನ ಪಾಲಿಗೆ ಬಂದ ಹಂಚಿನ ಮನೆಯೂ ಖಾಲಿ ಬಿದ್ದಿತ್ತು. ಅಣ್ಣನಿಗೆ ಮುಚ್ಚಲು ಮನಸ್ಸಿಲ್ಲ, ನಡೆಸಲು ಮೊದಲಿನ ಮೈ ಇಲ್ಲ. ವಹಿನಿ ಈ ವಿಷಯದಲ್ಲಿ ಬಾಯಿಯೇ ಬಿಟ್ಟಿರಲಿಲ್ಲ. ಒಂದು ದಿನ ಹಿಟ್ಟು ರುಬ್ಬುತ್ತಾ, “ಎಂಬತ್ತು ವರ್ಷ ನಡೆದ ಹೊಟೇಲ್ ಹ್ಯಾಂಗಿರತ್ತ್ ಅಂತ ಒಮ್ಮೆ ಕಾಂಬ. ಮತ್ತೆ ಹೇಳ್ತೆ” ಎಂದರು.

ಹೀಗೆ ಸಂಕ್ರಾಂತಿ ಕಳೆದ ಮೇಲಿನ ಸೋಮವಾರ ಮತ್ತು ಮಂಗಳವಾರ, ‘ಎರಡು ದಿನ ಬಂದ್’ ಎಂದು ಮರಾಠಿಯಲ್ಲಿ ಬರೆದ ರಟ್ಟನ್ನು ಶಟರಿಗೆ ಕಟ್ಟಿ ಅವರು ಹೊರಟರು. ಆದಿತ್ಯವಾರ ರಾತ್ರಿ ಕಾತ್ರಜ್‌ನಲ್ಲಿ ಸೋದರಳಿಯನ ಮನೆ, ಬೆಳಗ್ಗಿನ ಸಿಂಹಗಡ್ ಎಕ್ಸ್‌ಪ್ರೆಸ್‌ನಲ್ಲಿ ದಾದರ್, ಅಲ್ಲಿಂದ ಲೋಕಲ್ ಹಿಡಿದು ಒಂದೇ ಸ್ಟೇಷನ್. ಮಾಟುಂಗ ಸ್ಟೇಷನ್ 2017ರಲ್ಲಿ ಪೂರ್ತಿ ಮಹಿಳಾ ಸಿಬ್ಬಂದಿಯ ಕೈಗೆ ಬಂದ ಸ್ಟೇಷನ್ ಎಂದು ಅಳಿಯ ಹೇಳಿ ಕಳಿಸಿದ್ದರಿಂದ ವಹಿನಿ ಟಿಕೆಟ್ ಕಿಟಿಕಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದರಂತೆ.

ಮಾಟುಂಗ ಎಂದರೆ ಈ ಭಾಗದ ಕನ್ನಡಿಗರಿಗೆ ಹೆಚ್ಚು ವಿವರಿಸಬೇಕಿಲ್ಲ. ಆದರೂ ಹೊಸ ತಲೆಮಾರಿನವರಿಗಾಗಿ ನಾಲ್ಕು ಮಾತು. 1896ರ ಪ್ಲೇಗ್‌ನ ನಂತರ ಮುಂಬಯಿಯ ಇಕ್ಕಟ್ಟು ತಪ್ಪಿಸಲು ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗ ಭಾಗದಲ್ಲಿ ಅಗಲ ರಸ್ತೆ, ತೋಟಗಳಿರುವ ಬಡಾವಣೆ ಹಾಕಿತು. ಕಚೇರಿಗಳಲ್ಲಿ ಗುಮಾಸ್ತ, ಟೈಪಿಸ್ಟ್, ಸ್ಟೆನೋ ಆಗಿ ಬಂದ ದಕ್ಷಿಣದವರು ಅಲ್ಲಿ ನೆಲೆ ನಿಂತರು. ತಮಿಳರು, ಪಾಲಕ್ಕಾಡಿನವರು, ಮೈಸೂರಿನವರು, ನಮ್ಮ ಕರಾವಳಿಯವರು. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಶನ್ ಇರುವುದೂ ಅಲ್ಲೇ, ಭಾವು ದಾಜಿ ರಸ್ತೆಯಲ್ಲಿ. ಸಂಸಾರ ಊರಿನಲ್ಲಿ ಬಿಟ್ಟು ಬಂದವರೇ ಹೆಚ್ಚು. ಇವರಿಗೆ ಬೇಕಾದದ್ದು ಮನೆಯಂಥ ಊಟ. ‘ಬೋರ್ಡಿಂಗ್’ ಹುಟ್ಟಿದ್ದು ಹಾಗೆ. ರಾಮ ನಾಯಕರು 1936ರಲ್ಲಿ ಕೆಫೆ ಮೈಸೂರು, 1942ರಲ್ಲಿ ಸ್ಟೇಷನ್ ಪಕ್ಕದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದರು. ರಾಮ ಆಶ್ರಯ 1939ರದ್ದು. ಕಾಮತ್ ಕುಟುಂಬದ ಕೆಫೆ ಮದ್ರಾಸ್ ಶುರುವಾದದ್ದು 1940ರಲ್ಲಿ, ಅಂದರೆ ಮಗ ಹೇಳಿದ ನ್ಯೂಯಾರ್ಕ್‌ನ ಆ ಮಾರುಕಟ್ಟೆಯ ಓರಗೆಯದು.

ಅಣ್ಣ ಈ ಕೇರಿಗೆ ಬಂದದ್ದು 1974ರಲ್ಲಿ, ಹನ್ನೆರಡು ವರ್ಷದವರಿದ್ದಾಗ. ಆಗ ಕೊಂಕಣ ರೈಲು ಇಲ್ಲ, ಅದು ಪೂರ್ತಿಯಾದದ್ದು 1998ರಲ್ಲಿ. ಊರಿನವರೊಬ್ಬರ ಬೆನ್ನಿಗೆ ಬಿದ್ದು ಬಸ್ಸಿನಲ್ಲಿ ಘಟ್ಟ ಹತ್ತಿ ಬಂದದ್ದು. ಕೆಲಸಕ್ಕೆ ನಿಂತ ಹೊಟೇಲು ಈಗ ಇಲ್ಲ. ಹಗಲು ಹೊಟೇಲು, ರಾತ್ರಿ ಶಾಲೆ. ಒಂಬತ್ತನೇ ತರಗತಿಗೆ ಶಾಲೆ ನಿಂತಿತು. 1984ರಲ್ಲಿ ಪುಣೆಗೆ ಹೋದರು, 1988ರಲ್ಲಿ ಮದುವೆ. ಅಲ್ಲಿಂದ ಭೋರ್.

ಸೋಮವಾರ ಹತ್ತು ಗಂಟೆಯ ಹೊತ್ತಿಗೆ ಅವರು ಮೊದಲು ಹೋದದ್ದು ಸ್ಟೇಷನ್ ಹತ್ತಿರದ ರಾಮ ಆಶ್ರಯಕ್ಕೆ. ಹೊಟೇಲಿನವರು ಇನ್ನೊಂದು ಹೊಟೇಲಿಗೆ ಗಿರಾಕಿಯಾಗಿ ಹೋದರೆ ಹೇಗಿರುತ್ತದೆ ಎಂಬುದನ್ನು ಹೊಟೇಲಿನವರೇ ಬಲ್ಲರು. ಕೂತ ಕೂಡಲೇ ವಹಿನಿಯ ಕಣ್ಣು ಹೋದದ್ದು ಚಟ್ನಿಯ ಮೇಲೆ. ಬೆಳಗ್ಗಿನ ರಶ್ ಇಳಿಯುವ ಹೊತ್ತು, ಸಾಮಾನ್ಯವಾಗಿ ಎಲ್ಲ ಕಡೆ ಚಟ್ನಿಗೆ ನೀರು ಬೀಳುವ ಹೊತ್ತು ಅದು. ಇಲ್ಲಿ ಗಟ್ಟಿಯಾಗಿಯೇ ಇತ್ತು. ಇಡ್ಲಿಯನ್ನು ಬೆರಳಿನಿಂದ ಒತ್ತಿ, ಮುರಿದು, ಒಳಗಿನ ರಂಧ್ರ ನೋಡಿದರು. ಪಕ್ಕದ ಮೇಜಿನ ಗುಜರಾತಿ ಹೆಂಗಸು ಆಶ್ಚರ್ಯದಿಂದ ನೋಡುತ್ತಿದ್ದಳಂತೆ. ಬಳಿಕ ಅನಾನಸು ಶೀರಾ. “ಹಣ್ಣು ಬೇರೆ, ರವೆ ಬೇರೆ ಬೇಯ್ಸಿ ಕಡಿಗೆ ಕೂಡ್ಸಿರ್” ಎಂಬುದು ವಹಿನಿಯ ತೀರ್ಪು. ಸರಿಯೋ ತಪ್ಪೋ, ಒಳಗೆ ಹೋಗಿ ಯಾರೂ ಕೇಳಲಿಲ್ಲ.

ಅಣ್ಣನ ಕಷ್ಟವೇ ಬೇರೆ. ತಿಂದು ಮುಗಿಯಿತು. ಮಾತಾಡುತ್ತಾ ಆಡುತ್ತಾ ಅವರ ಕೈ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಅದರ ಮೇಲೆ ಬಟ್ಟಲು, ಬಟ್ಟಲಿನೊಳಗೆ ಚಮಚ ಇಟ್ಟು, ಎಡಗೈಯಲ್ಲಿ ಎತ್ತಿಯೇ ಬಿಟ್ಟಿತು. ಎದ್ದು ನಿಂತಾಗ ವೇಟರ್ ಹುಡುಗ ಓಡಿ ಬಂದು, “ರಹನೇ ದೋ ಸೇಠ್” ಎಂದು ಕಸಿದುಕೊಂಡ. ಅಣ್ಣ ಪೆಚ್ಚಾದರು. “ನಲ್ವತ್ತು ವರ್ಷ ಆಯ್ತ್, ಕೈಗ್ ಮರೀಲಿಲ್ಲ” ಎಂದು ವಹಿನಿ ನಕ್ಕರು.

ಅಲ್ಲಿಂದ ಹೂವಿನ ಅಂಗಡಿಗಳ ಸಾಲು. ಮಲ್ಲಿಗೆ, ಅಬ್ಬಲಿಗೆ, ಬಾಳೆ ಎಲೆ, ನುಗ್ಗೆ, ಕೆಸುವಿನ ಎಲೆ, ಸಾಂಬಾರು ಸೌತೆ. ಭೋರ್‌ನಲ್ಲಿ ಸಾಂಬಾರು ಸೌತೆ ಸಿಗುವುದಿಲ್ಲ, ಪುಣೆಯಿಂದ ತರಿಸಬೇಕು. ವಹಿನಿ ಮೊದಲ ದಿನವೇ ಮೂರು ಕಿಲೋ ಕೊಂಡು, ಎರಡು ದಿನ ಹೊತ್ತುಕೊಂಡು ತಿರುಗಿದರು. ಕಾಫಿ ಪುಡಿ ಹುರಿಯುವ ವಾಸನೆ ರಸ್ತೆಯವರೆಗೆ ಬರುತ್ತಿತ್ತು.

ನಂತರ ಕಿಂಗ್ಸ್ ಸರ್ಕಲ್ ಕಡೆಗೆ ನಡೆದರು. ಅಣ್ಣನಿಗೆ ಕೆಫೆ ಮದ್ರಾಸ್ ತೋರಿಸುವ ಆಸೆ. ಹೋಗಿ ನೋಡಿದರೆ ಬಾಗಿಲು ಮುಚ್ಚಿದೆ, ಸೋಮವಾರ ವಾರದ ರಜೆ. ಇಷ್ಟು ದೂರ ಬಂದು ಹೀಗಾಯಿತಲ್ಲ ಎಂದು ಅಣ್ಣನಿಗೆ ಬೇಸರ. ತಮ್ಮ ಕಾಲದಲ್ಲಿ ಹೀಗಿರಲಿಲ್ಲ, ಗಿರಾಕಿ ಬಾಗಿಲಿಗೆ ಬಂದು ಹಿಂದೆ ಹೋಗಬಾರದು ಎಂದು ಅವರು ಹೇಳುತ್ತಲೇ ಇದ್ದರು. ವಹಿನಿ ಮಾತ್ರ ಮುಚ್ಚಿದ ಬಾಗಿಲನ್ನೇ ನೋಡುತ್ತಾ ನಿಂತಿದ್ದರು.

“ಹ್ವಾಯ್, ಇಲ್ಲ್ ಕಾಣಿ. ನಾಳೆ ಜನ ಕ್ಯೂ ನಿಂತ್ಕಂಬ ಹೊಟೇಲ್ ಅಂಬ್ರ್. ಇವ್ರಿಗೂ ವಾರಕ್ಕೊಂದ್ ರಜಿ ಇತ್ತ್. ನಮ್ಗ್ ಮಾತ್ರ ಎಂತಕ್ ಇಲ್ಲ?”

ಅಣ್ಣ ಕೂಡಲೇ ಲೆಕ್ಕ ಹೇಳಿದರು. ವರ್ಷಕ್ಕೆ 52 ದಿನ. ಹುಡುಗರ ಸಂಬಳ, ಬಾಡಿಗೆ ನಿಲ್ಲುವುದಿಲ್ಲ. ಒಂದು ದಿನ ಬಂದ್ ಕಂಡರೆ ಗಿರಾಕಿ ಎದುರಿನ ವಡಾ-ಪಾವ್ ಗಾಡಿಗೆ ಹೋಗುತ್ತಾನೆ, ಮರುದಿನ ಬರುತ್ತಾನೆಂದು ಏನು ಗ್ಯಾರಂಟಿ? ವಹಿನಿ ಎದುರು ಹೇಳಲಿಲ್ಲ. ಹತ್ತಿರದ ಕಟ್ಟೆಯ ಮೇಲೆ ಸೌತೆಯ ಚೀಲ ಇಟ್ಟು ಕೂತರು.

ಆ ಸಂಜೆ ಇನ್ನೊಂದು ಮಾತು ನಡೆಯಿತು. ಅದನ್ನು ಬರೆಯಬಹುದು ಎಂದು ಅಣ್ಣನೇ ಒಪ್ಪಿಗೆ ಕೊಟ್ಟಿದ್ದಾರೆ. ತಾವು ಕೆಲಸಕ್ಕಿದ್ದ ಜಾಗ ತೋರಿಸಿ ಎಂದು ವಹಿನಿ ಕೇಳಿದಾಗ ಅಣ್ಣ ಎದುರಿನ ರಸ್ತೆಯಿಂದಲೇ ಕೈ ತೋರಿಸಿದರು. ಈಗ ಅಲ್ಲಿ ಬಟ್ಟೆ ಅಂಗಡಿ. “ಗಲ್ಲಾ ಎಲ್ಲಿತ್ತ್?” ಎಂದು ವಹಿನಿ ಕೇಳಿದರು. ಮದುವೆ ಮಾತುಕತೆಯ ಹೊತ್ತಿಗೆ ಹುಡುಗ ಮಾಟುಂಗದಲ್ಲಿ ಗಲ್ಲಾದಲ್ಲಿ ಕೂತವ ಎಂದು ಹೆಣ್ಣಿನ ಮನೆಯವರಿಗೆ ಹೇಳಲಾಗಿತ್ತು. ಅಣ್ಣ ಸುಮ್ಮನಾದರು. ಆಮೇಲೆ ಕಟ್ಟಡದ ಹಿಂದಿನ ಗಲ್ಲಿಗೆ ಕರೆದುಕೊಂಡು ಹೋಗಿ ಒಂದು ಮೋರಿಯ ಜಾಗ ತೋರಿಸಿದರು. ನಾಲ್ಕು ವರ್ಷ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಕಪ್ಪು-ಬಸಿ ತೊಳೆದದ್ದು. ಆಮೇಲೆ ಟೇಬಲ್ ಒರೆಸುವವ, ಆಮೇಲೆ ಆಫೀಸುಗಳಿಗೆ ಚಹಾ ಒಯ್ಯುವ ಬಾಹರ್‌ವಾಲಾ, ಕೊನೆಗೆ ವೇಟರ್. ಗಲ್ಲಾ ಮುಟ್ಟಿದ್ದೇ ಇಲ್ಲ. ಮೈಸೂರು ಅಸೋಸಿಯೇಶನ್‌ಗೂ ಹೋಗಿದ್ದರು, ನಾಟಕ ನೋಡಲಿಕ್ಕಲ್ಲ, ಕೆಟಲು ಹಿಡಿದು ಹಿಂಬಾಗಿಲಿನಿಂದ. ಮಲಗುತ್ತಿದ್ದದ್ದು ರಾತ್ರಿ ಶಾಲೆಯಿಂದ ಬಂದ ಮೇಲೆ, ಜೋಡಿಸಿದ ಎರಡು ಮೇಜಿನ ಮೇಲೆ. ಆ ಮೇಜಿಗೆ ಕೂತು ಒಂದು ದಿನವೂ ಉಂಡದ್ದಿಲ್ಲ. ನೌಕರರ ಊಟ ಒಳಗೆ, ಗಿರಾಕಿಗಳೆಲ್ಲ ಹೋದ ಮೇಲೆ. ಇಷ್ಟು ವರ್ಷ ಹೆಂಡತಿಯನ್ನು ಮಾಟುಂಗಕ್ಕೆ ಕರೆದುಕೊಂಡು ಬಾರದಿದ್ದಕ್ಕೆ ಸಮಯವಿಲ್ಲದ್ದು ಕಾರಣವಲ್ಲ, ಈ ಗಲ್ಲಿ ಕಾರಣ.

ವಹಿನಿ ಕೇಳಿಸಿಕೊಂಡು, “ಅದ್ ನಂಗ್ ಮದಿ ಆದ್ ವರ್ಷವೇ ಗೊತ್ತಿತ್ತ್. ನಿಮ್ಮ ಅಕ್ಕ ಹೇಳಿದ್ರ್” ಎಂದರು. ಮೂವತ್ತಾರು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಇಟ್ಟುಕೊಂಡಿದ್ದ ವಿಷಯ ಅಷ್ಟರಲ್ಲಿ ಮುಗಿದು ಹೋಯಿತು. ರಾತ್ರಿ ವಡಾಲದಲ್ಲಿ ಊರಿನವರ ಮನೆಯಲ್ಲಿ ತಂಗಿದರು.

ಮಂಗಳವಾರ ಬೆಳಿಗ್ಗೆ ಕೆಫೆ ಮದ್ರಾಸ್ ತೆರೆದಿತ್ತು. ವಾರದ ನಡುವೆಯೂ ಹೊರಗೆ ಜನ. ಹೆಸರು ಬರೆಸಿ ಕಾಯಬೇಕು. ಕರೆದಾಗ ಹೋಗಿ, ಗುರುತಿಲ್ಲದ ಇನ್ನಿಬ್ಬರೊಡನೆ ಒಂದೇ ಟೇಬಲಿಗೆ ಕೂರಬೇಕು. ಹಂಚಿ ಕೂರುವುದು ಇಲ್ಲಿ ಯಾರಿಗೂ ಮುಜುಗರವಲ್ಲ. ರಸಂ ವಡೆ, ತುಪ್ಪದ ಉಪ್ಪಿಟ್ಟು, ಒಂದು ದೋಸೆ, ಎರಡು ಕಾಫಿ. ಇಬ್ಬರೂ ಎಲ್ಲವನ್ನೂ ಅರ್ಧರ್ಧ ಮಾಡಿಕೊಂಡರು. ಅಣ್ಣ ನೋಡಿದ್ದು ಟೇಬಲ್ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಎಂಬುದನ್ನು. ಯಾರೂ ಎಬ್ಬಿಸುವುದಿಲ್ಲ, ಆದರೂ ಜನ ಕೂತು ಹರಟುವುದಿಲ್ಲ. ಕೇಳಿದ ತಿಂಡಿ ಬೇಗ ಬರುತ್ತದೆ, ಬಿಲ್ಲೂ ಬೇಗ ಬರುತ್ತದೆ. ವಹಿನಿ ನೋಡಿದ್ದು ಮೆನುವಿನಲ್ಲಿ ಏನಿಲ್ಲ ಎಂಬುದನ್ನು. ಹಕ್ಕಾ ನೂಡಲ್ಸ್ ಇಲ್ಲ, ಪನೀರ್ ಚಿಲ್ಲಿ ಇಲ್ಲ. ಭೋರ್‌ನ ಹೊಟೇಲಿನಲ್ಲಿ ಹತ್ತು ವರ್ಷದಿಂದ ‘ಚೈನೀಸ್’ ಇದೆ. ಎದುರಿನವರು ಇಟ್ಟರೆಂದು ಇವರೂ ಇಟ್ಟದ್ದು. ಸಂಜೆಯ ಅರ್ಧ ಗ್ಯಾಸ್ ಅದಕ್ಕೇ ಹೋಗುತ್ತದೆ, ಸಾಸ್ ಬಾಟಲಿಗಳ ಖರ್ಚು ಬೇರೆ. ವಹಿನಿ ಇಂದಿನವರೆಗೆ ಅದರ ರುಚಿಯನ್ನೂ ನೋಡಿಲ್ಲ.

ಮಧ್ಯಾಹ್ನ ರಾಮ ನಾಯಕರ ಬೋರ್ಡಿಂಗ್. ಸ್ಟೇಷನ್ ಎದುರಿನ ಮಾರುಕಟ್ಟೆ ಕಟ್ಟಡದ ಮೊದಲ ಮಾಳಿಗೆ, ಲಖಂಸಿ ನಪ್ಪು ರಸ್ತೆ. ಮೆಟ್ಟಿಲು ಹತ್ತಿ ಹೋಗಬೇಕು. ಬಾಳೆ ಎಲೆ ಊಟಕ್ಕೆ ಕೂತರು. ಈ ಒಂದು ಊಟದ ವಿಷಯ ವಹಿನಿ ಎಷ್ಟು ಹೇಳಿದರೂ ಮುಗಿಯುವುದಿಲ್ಲ. ಎಲೆ ಹಾಕಿದರು, ನೀರು ಚಿಮುಕಿಸಿದರು. ಪಲ್ಯ, ಕೂಟು, ಸಾರು, ಸಾಂಬಾರು ಒಂದರ ಹಿಂದೊಂದು. ಬಡಿಸುವವರು ಎಲೆ ನೋಡುತ್ತಾರೆ, ಮುಖ ನೋಡುವುದಿಲ್ಲ. ಯಾವ ಮೂಲೆ ಖಾಲಿಯಾಯಿತೋ ಅಲ್ಲಿಗೆ ಸೌಟು ಬರುತ್ತದೆ. ಊರಿನಲ್ಲಿ ಮದುವೆ, ಪೂಜೆಗಳಿಗೆ ಹೋದಾಗಲೂ ವಹಿನಿ ಹೊಟೇಲಿನವರು ಎಂದು ಅಡುಗೆ ಶಾಲೆಗೆ ಕರೆಯುತ್ತಾರೆ, ಉಪ್ಪು ನೋಡಲು, ಸಾರಿಗೆ ಒಗ್ಗರಣೆ ಹಾಕಲು. ಎಲೆಯ ಮುಂದೆ ಮೊದಲ ಪಂಕ್ತಿಯಲ್ಲಿ ಕೂತು, ಮುಂದಿನ ಪಂಕ್ತಿಯ ಚಿಂತೆಯಿಲ್ಲದೆ ಉಂಡದ್ದು ಯಾವಾಗ ಎಂದು ನೆನಪು ಮಾಡಿಕೊಂಡರೆ ತಮ್ಮ ಮದುವೆಯ ದಿನವೇ ಬಂತು. ಆ ದಿನವೂ ಹಸಿವಿರಲಿಲ್ಲ ಎಂದರು.

ಊಟದ ನಡುವೆ ಅಣ್ಣ ಒಂದು ತಕರಾರು ತೆಗೆದರು, ಸಾರಿಗೆ ಹುಳಿ ಸ್ವಲ್ಪ ಮುಂದಾಗಿದೆ ಎಂದು. ವಹಿನಿ ಒಪ್ಪಲಿಲ್ಲ. ಎರಡನೇ ಸಲ ಹಾಕಿಸಿಕೊಂಡು ಇಬ್ಬರೂ ಮತ್ತೆ ಪರೀಕ್ಷಿಸಿದರು. ವಾದ ಇನ್ನೂ ಮುಗಿದಿಲ್ಲ.

ಸಂಜೆ ಹೊರಡುವ ಮೊದಲು ಕೆಫೆ ಮೈಸೂರು. 2024ರಲ್ಲಿ ಅಂಬಾನಿಯವರ ಮಗ ತಮ್ಮ ಮದುವೆ ಸಮಾರಂಭದಲ್ಲಿ ಈ ಹೊಟೇಲಿನ ಹಿರಿಯ ಒಡತಿಯ ಕಾಲಿಗೆರಗಿದ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡಿತ್ತು, ಭೋರ್‌ನಲ್ಲಿ ಕೂಡ. ಗಿರಾಕಿಗಳು ಅಣ್ಣನಿಗೆ ತೋರಿಸಿ, “ನಿಮ್ಮವರೇ ಅಲ್ಲವಾ?” ಎಂದು ಕೇಳಿದ್ದರಂತೆ. ಹೌದು ಎಂದಿದ್ದರು, ಪರಿಚಯ ಏನೂ ಇಲ್ಲದೆ. ಅಲ್ಲಿ ಕಾಫಿ ಕುಡಿಯುವಾಗ ಅಣ್ಣ ಕೇಳದೆಯೇ ಒಂದು ಮಾತು ಹೇಳಿದರು: ಈ ಹೊಟೇಲುಗಳು ಎಂಬತ್ತು-ತೊಂಬತ್ತು ವರ್ಷ ನಿಂತದ್ದು ರುಚಿಯಿಂದ ಮಾತ್ರ ಅಲ್ಲ, ಮನೆಯವರು ಯಾರಾದರೂ ಬಂದು ಗಲ್ಲಾದಲ್ಲಿ ಕೂತದ್ದರಿಂದ. ತಮ್ಮ ಮಗ ಕೂರುವುದಿಲ್ಲ. ಕೂರಬಾರದೆಂದೇ ಅವನನ್ನು ಓದಿಸಿದ್ದು. ಹಾಗಿದ್ದ ಮೇಲೆ ಭೋರ್‌ನ ಹೊಟೇಲು ತಮ್ಮ ಕಾಲಕ್ಕೆ ಮುಗಿಯುವಂಥದ್ದೇ. ವಹಿನಿ ಕಾಫಿ ಮುಗಿಸಿ ಉತ್ತರ ಕೊಟ್ಟರು. ಹಾಗಾದರೆ ನಮ್ಮ ಕಾಲ ಮುಗಿಯುವವರೆಗೆ ನಡೆಸುವ. ಆದರೆ ನಾಲ್ಕು ಟೇಬಲು, ಚೈನೀಸ್ ಇಲ್ಲ, ರಾತ್ರಿ ಎಂಟಕ್ಕೆ ಶಟರ್. ಸೋಮವಾರ ರಜೆ.

ನಾಲ್ಕು ಲಕ್ಷದ ಪ್ರಶ್ನೆ ಹೀಗೆ ಕಿಂಗ್ಸ್ ಸರ್ಕಲ್‌ನಲ್ಲಿ ತೀರ್ಮಾನವಾಯಿತು. ಅಣ್ಣ ಪಾಡ್ವಾಕ್ಕೆ ಮೊದಲೇ ಮಾಲಕರ ಬಳಿ ಹೋಗಿ ಹೊಸ ಕಟ್ಟಡದಲ್ಲಿ ದೊಡ್ಡ ಗಾಳೆ ಬೇಡ, ಹಿಂದಿನ ಚಿಕ್ಕದು ಸಾಕು ಎಂದರು. ಡಿಪಾಸಿಟ್ ಎರಡೂವರೆಗೆ ಇಳಿಯಿತು. ಅವಧಿಗೆ ಮೊದಲು ಎಫ್.ಡಿ. ಮುರಿದದ್ದರಿಂದ ಬಡ್ಡಿಯಲ್ಲಿ ಸ್ವಲ್ಪ ಹೋಯಿತು. ಮಗನಿಗೆ ಸಮಾಧಾನವಿಲ್ಲ. “ನಾನು ಹೇಳಿದ್ದು ನೋಡಿ ಬನ್ನಿ ಅಂತ, ಹೊಸ ಹೊಟೇಲು ಹಾಕಿ ಅಂತ ಅಲ್ಲ” ಎಂದು ಫೋನಿನಲ್ಲಿ ರೇಗಿದ. ಹೊಸ ಕಟ್ಟಡ ಏಳುವವರೆಗೆ ಈಗ ಎದುರಿನ ಸಾಲಿನಲ್ಲಿ ತಾತ್ಕಾಲಿಕವಾಗಿ ನಡೆಯುತ್ತಿದೆ. ಬೋರ್ಡಿನ ಕೆಳಗೆ ಮರಾಠಿಯಲ್ಲಿ ಹೊಸ ಸಾಲು: ‘ಸೋಮವಾರಿ ಬಂದ್’.

ಮೊದಲ ಸೋಮವಾರ ಅಣ್ಣನಿಗೆ ನಾಲ್ಕಕ್ಕೇ ಎಚ್ಚರವಾಯಿತು. ಎರಡು ಸಲ ಹೋಗಿ ಬೀಗ ನೋಡಿ ಬಂದರು. ಘಾಟಿ ಬಸ್ಸಿನ ಡ್ರೈವರ್ ಒಬ್ಬರು ಯಾರು ತೀರಿಕೊಂಡರು ಎಂದು ಮನೆಗೇ ವಿಚಾರಿಸಲು ಬಂದರು. ಹತ್ತು ಗಂಟೆಗೆ ವಹಿನಿ ಸೀರೆ ಬದಲಿಸಿ, “ಹ್ವಾಪ” ಎಂದರು.

ಅಂದಿನಿಂದ ಸೋಮವಾರಕ್ಕೊಂದು ಹೊಟೇಲು. ಮೊದಲು ಭೋರ್‌ನೊಳಗಿನ ಮಿಸಳ್ ಅಂಗಡಿ, ಮೂವತ್ತು ವರ್ಷ ದಿನಾ ಎದುರು ಹಾದು ಹೋಗುತ್ತಿದ್ದರೂ ಒಳಗೆ ಕಾಲಿಡದ ಜಾಗ. ಆಮೇಲೆ ಪಿಠಲೆ-ಭಾಕರಿ ಮಾಡುವ ಒಂದು ಖಾನಾವಳಿ. ಒಂದು ವಾರ ನಸರಾಪುರದ ಬನೇಶ್ವರಕ್ಕೆ ಹೋದವರು ಅಲ್ಲೇ ಉಂಡು ಬಂದರು. ವಹಿನಿ ಹಳೆಯ ಉದ್ರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಕನ್ನಡದಲ್ಲಿ ಬರೆದಿಡುತ್ತಾರೆ: ಯಾವ ಕಡೆ ಎಣ್ಣೆ ಹಳತು, ಯಾವ ಕಡೆ ಭಾಕರಿ ತೆಳು, ಎಲ್ಲಿ ಹುಡುಗ ಕೇಳದೆ ನೀರು ಇಟ್ಟ.

ಒಂದು ತೊಂದರೆ ಮಾತ್ರ ಉಳಿದಿದೆ. ಆ ಮಿಸಳ್ ಅಂಗಡಿಯವರು ಅಣ್ಣನಿಂದ ಹಣ ತೆಗೆದುಕೊಳ್ಳುವುದಿಲ್ಲ. ಹೊಟೇಲಿನವರು ಹೊಟೇಲಿನವರಿಂದ ಹೇಗೆ ತೆಗೆದುಕೊಳ್ಳುವುದು ಎನ್ನುತ್ತಾರೆ. ಅಣ್ಣ ಗಲ್ಲಾದ ಮೇಲೆ ನೋಟು ಇಡುತ್ತಾರೆ, ಅವರು ದೂಡುತ್ತಾರೆ. ಕಳೆದ ಸಲ ವಹಿನಿ ಅಂಗಡಿಯವರ ಹೆಂಡತಿಯನ್ನು ಒಳಗಿನಿಂದ ಕರೆದು, ಒಂದು ಸೋಮವಾರ ನೀವೂ ಮುಚ್ಚಿ ನಮ್ಮಲ್ಲಿಗೆ ಊಟಕ್ಕೆ ಬನ್ನಿ, ಆಗ ಲೆಕ್ಕ ಸರಿಯಾಗುತ್ತದೆ ಎಂದು ಮರಾಠಿಯಲ್ಲಿ ಹೇಳಿದರು. ಆಕೆ ಕೈ ಒರೆಸಿಕೊಳ್ಳುತ್ತಾ ಗಂಡನ ಮುಖ ನೋಡಿದರು. ಗಂಡ ಕ್ಯಾಲೆಂಡರ್ ನೋಡಿ, ದೀಪಾವಳಿ ಕಳೆಯಲಿ ಎಂದರು.